ಕ್ವೆಂಚ್, ಟೆಂಪರ್, ಎಚ್: ಬೋರ್ಡಿಗೆ ಏನು ಬರೆಯಲಿ?

ಗೆಳೆಯರೇ,
ನಾಳೆ ಬೆಳಗ್ಗೆ ಬೋರ್ಡು ಪ್ರಿಂಟಿಗೆ ಹೋಗಬೇಕು. ಡಮಾಸ್ಕಸ್ ಉಕ್ಕಿನಲ್ಲಿ (ಮೈಮೇಲೆ ಗೆರೆಗೆರೆ ಕಾಣುವ ಉಕ್ಕು) ಚಾಕು, ಉಳಿ ಮಾಡುವ ಸ್ನೇಹಿತನ ಶೆಡ್ಡಿಗೆ. ಅಲ್ಲಿನ ಮೂರು ಕೆಲಸಕ್ಕೆ ಕನ್ನಡ ಪದ ಬೇಕು. ಕಾದ ಅಲಗನ್ನು ಸುಮಾರು 815 ಡಿಗ್ರಿಯಲ್ಲಿ ಹೊರತೆಗೆದು ಎಣ್ಣೆಗೆ ಅದ್ದುತ್ತಾರೆ, ಅದು ಕ್ವೆಂಚ್. ಆಮೇಲೆ 200ರ ಆಸುಪಾಸಿನಲ್ಲಿ ಎರಡೆರಡು ಗಂಟೆ, ಎರಡು ಸಲ ಕಾಯಿಸುತ್ತಾರೆ, ಅದು ಟೆಂಪರ್. ಕೊನೆಗೆ ಫೆರಿಕ್ ಕ್ಲೋರೈಡಿನಲ್ಲಿ ಮುಳುಗಿಸಿ ಗೆರೆ ಎಬ್ಬಿಸುತ್ತಾರೆ, ಅದು ಎಚ್. ಮೊದಲೆರಡಕ್ಕೂ ನನಗೆ 'ಹದ' ಒಂದೇ ಹೊಳೆಯುತ್ತಿದೆ. ಮೂರನೆಯದಕ್ಕೆ ಏನೂ ಇಲ್ಲ.
– ವಿ., ಬೆಂಗಳೂರು

ಮೊದಲು 'ಡಮಾಸ್ಕಸ್' ತೆಗೆಯಿರಿ. ಹಳೆಯ ಡಮಾಸ್ಕಸ್ ಅಲಗುಗಳಿಗೆ ಬಳಸುತ್ತಿದ್ದ ನಮ್ಮ ಕಡೆಯ ಉಕ್ಕಿಗೆ ಇಂಗ್ಲಿಷಿನಲ್ಲಿ 'ವೂಟ್ಸ್' ಅನ್ನುತ್ತಾರೆ, ಅದು ನಮ್ಮ 'ಉಕ್ಕು' ಪದದ್ದೇ ಕೆಟ್ಟ ರೂಪ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಗೆ ಬರೆದ ಪ್ರಬಂಧದಲ್ಲಿ ಆ ಪದ ಇದೆ. ಕುದಿದು ಉಕ್ಕಿ ಬಂದದ್ದು ಉಕ್ಕು. ಇಂಥ ಪದ ಮನೆಯಲ್ಲಿರುವಾಗ ಸಿರಿಯಾದ ಊರಿನ ಹೆಸರೇಕೆ?
– ಶಂ., ಮೈಸೂರು

ಹಾಲು ಉಕ್ಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ತಮಿಳಿನಲ್ಲಿ 'ಉರುಕು' ಎಂದರೆ ಕರಗು, ಮಲಯಾಳದಲ್ಲಿ 'ಉರುಕ್ಕ್' ಎಂದರೆ ಉಕ್ಕು. ನಮ್ಮಲ್ಲಿ ರಕಾರ ಬಿದ್ದಿದೆ, ಅಷ್ಟೇ. ಅದೂ ಅಲ್ಲದೆ ಆ ಶೆಡ್ಡಿನದು ಮೂಸೆಯಲ್ಲಿ ಕರಗಿಸಿದ ಹಳೆಯ ಉಕ್ಕಲ್ಲ. ಎರಡು ಜಾತಿಯ ಪಟ್ಟಿ ಪೇರಿಸಿ, ಕಾಯಿಸಿ, ಬಡಿದು ಬೆಸೆದದ್ದು. ಅದಕ್ಕೆ ವೂಟ್ಸ್ ಅಂದರೆ ಬೋರ್ಡೇ ಸುಳ್ಳು.
– ಕೆ., ಮಂಗಳೂರು

ವಿ. ಅವರೇ, 'ಹದ'ವನ್ನು ಟೆಂಪರಿಗೇ ಇಡಿ. ಎಣ್ಣೆಯಿಂದ ತೆಗೆದ ಅಲಗು ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದು ಗಾಜಿನ ಹಾಗೆ ಎರಡು ತುಂಡಾದದ್ದನ್ನು ನೋಡಿದ್ದೇನೆ. ಬರೀ ಗಡಸು, ಹದವಿಲ್ಲ. ಮತ್ತೆ ಕಾಯಿಸಿ, ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗಲೇ ಹದ. ಪಾಕಕ್ಕೆ ಹೇಳುವ ಪದವೇ. ಕ್ವೆಂಚಿಗೆ ನಮ್ಮಜ್ಜ 'ನೀರಿಗೆ ಹಾಕು' ಅನ್ನುತ್ತಿದ್ದರು. ನಿಮ್ಮದು ಎಣ್ಣೆ ಅಲ್ವಾ? 'ಗಡಸು ಹಿಡಿಸುವುದು' ಅನ್ನಿ.
– ಗೌ., ಶಿರಸಿ

ಎಚ್‌ಗೆ 'ಕೆತ್ತನೆ'. ಮುಗಿಯಿತು.
– ಶಂ.

ಮುಗಿಯಲಿಲ್ಲ. ಕೆತ್ತನೆಗೆ ಉಳಿ ಬೇಕು. ಇಲ್ಲಿ ನಿಕ್ಕಲ್ ಇರುವ ಪದರ ಹೊಳಪು ಬಿಡುವುದಿಲ್ಲ, ಪಕ್ಕದ್ದು ಸವೆದು ಕಪ್ಪಾಗುತ್ತದೆ. ಬಿದರಿ ಸಾಮಾನಿಗೆ ಕೋಟೆಯ ಮಣ್ಣು, ನವಸಾಗರ ಹಾಕಿದಾಗ ಸತುವಿನ ಮೈ ಕಪ್ಪಾಗಿ ಬೆಳ್ಳಿ ಮಾತ್ರ ಬೆಳಗುತ್ತದಲ್ಲ, ನೋಡಲು ಹಾಗೇ. ವಿ. ಅವರೇ, ಪದ ಏಕೆ ಹುಡುಕುತ್ತೀರಿ? 'ಗೆರೆ ಎಬ್ಬಿಸುತ್ತಾರೆ' ಅಂತ ಸುಮ್ನೆ ನೀವೇ ಬರೆದಿದ್ದೀರಿ!
– ಗೌ.

ಒಪ್ಪಿದೆ. ಆದರೆ 'ಫೆರಿಕ್ ಕ್ಲೋರೈಡ್' ಹಾಗೇ ಬಿಡುತ್ತೀರಾ? ಹೀಗೇ ಒಂದೊಂದಾಗಿ ಒಳಗೆ ಬರುವುದು.
– ಶಂ.

ಸ್ವಾಮಿ, ಬಾಟಲಿಯ ಮೇಲೆ ಇರುವುದು ಅದೇ. ಬೇರೆ ಹೆಸರು ಹೇಳಿ ಅಂಗಡಿಯಲ್ಲಿ ತಂದು ತೋರಿಸಿ. ನೀವು ಕೂತು ಬರೆಯುವ ಮೇಜು, ಕೈ ತೊಳೆಯುವ ಸಾಬೂನು ಯಾವ ಊರಿನವು?
– ಕೆ.

ಅವು ಬಂದು ಶತಮಾನಗಳಾದವು. ಹೋಲಿಕೆ ತಪ್ಪು.
– ಶಂ.

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡು ಹೋಯಿತು: ಗಡಸು ಹಿಡಿಸುವುದು, ಹದ ಮಾಡುವುದು, ಗೆರೆ ಎಬ್ಬಿಸುವುದು. ಡಮಾಸ್ಕಸ್ ಉಳಿದಿದೆ. ಸ್ನೇಹಿತ ನೋಡಿ, "ಕೆಳಗೆ ಕ್ವೆಂಚ್, ಟೆಂಪರ್, ಎಚ್ ಅಂತಲೂ ಹಾಕು, ಹುಡುಗರಿಗೆ ತಿಳಿಯಲಿ" ಅಂದ. ಸಣ್ಣ ಅಕ್ಷರದಲ್ಲಿ ಹಾಕಿದ್ದೇನೆ. ಬೈಯುವವರು ಬೈಯಿರಿ.
– ವಿ.