ಹಾಯಿಕಂಬ ಇಳಿಸದೆ ಫ್ಲಿಸಿಂಗೆನ್‌ನಿಂದ ಫ್ರೀಸ್‌ಲಾಂಡ್‌ವರೆಗೆ: ಸೇತುವೆಗಳ ಲೆಕ್ಕ ಹಾಕುವುದು ಹೇಗೆ?

ಹೊಳೆಬದಿ_ಕುಂಬಳೆ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಬರುವ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಫ್ಲಿಸಿಂಗೆನ್‌ನಿಂದ ಹೊರಟು, ಸಮುದ್ರಕ್ಕೆ ಇಳಿಯದೆ ಒಳನಾಡಿನ ನೀರಿನಲ್ಲೇ ಫ್ರೀಸ್‌ಲಾಂಡಿನ ಹೇಖ್ ಎಂಬ ಊರಿಗೆ ಹಾಯಿದೋಣಿ ಮುಟ್ಟಿಸುವುದುಂಟು. ದೋಣಿ ಅಲ್ಲಿರುವ ಭಾವನದ್ದು. ಉದ್ದ 10.4 ಮೀಟರ್, ನೀರಿನೊಳಗೆ ಇಳಿಯುವುದು 1.75 ಮೀಟರ್, ಕಂಬದ ತುದಿ ಕಾಗದದ ಪ್ರಕಾರ ನೀರಿನಿಂದ 15.2 ಮೀಟರ್. 28 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಉಂಟು. ಇಬ್ಬರೇ ಜನ.

ಚಂದ್ರಗಿರಿ ಹೊಳೆಯ ಸೇತುವೆಗಳ ಅಡಿಯಲ್ಲಿ ಹೋಗಬೇಕಾದರೆ ಕಂಬ ಮಲಗಿಸಲೇಬೇಕು, ಬೇರೆ ದಾರಿ ಇಲ್ಲ. ನೆದರ್ಲೆಂಡ್ಸ್‌ನಲ್ಲಿ ಸೇತುವೆ ತೆರೆದು ಕೊಡುತ್ತಾರಂತೆ. ಹಾಗಾದರೆ ಕಂಬ ನಿಲ್ಲಿಸಿಕೊಂಡೇ ಪೂರ್ತಿ ದಾರಿ ಹೋಗಲು ಆಗುತ್ತದಾ? ಎಲ್ಲಿ ಕಾಯಬೇಕಾಗುತ್ತದೆ? ಸೇತುವೆಯವರ ಹತ್ತಿರ ಕೇಳುವುದು ಹೇಗೆ? ಲಾಕ್‌ಗಳಲ್ಲಿ, ಅಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ಕೋಣೆಗಳಲ್ಲಿ, ಏನು ತಪ್ಪಾಗಬಹುದು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕೂವೆಮರ ಉತ್ತರ:

ಕಂಬ ಇಳಿಸುವ ಅಗತ್ಯ ಇಲ್ಲ. ಇದಕ್ಕೆಂದೇ ಗುರುತಾದ ದಾರಿ ಉಂಟು, ಹೆಸರು ಸ್ಟಾಂಡೆ ಮಾಸ್ಟ್‌ರೂಟೆ, ಅಂದರೆ ನಿಂತ ಕಂಬದ ದಾರಿ. ನೈರುತ್ಯದ ಫ್ಲಿಸಿಂಗೆನ್‌ನಿಂದ ಈಶಾನ್ಯದ ಡೆಲ್ಫ್‌ಜೈಲ್‌ವರೆಗೆ ಹೋಗುತ್ತದೆ. ದಾರಿಯ ಸೇತುವೆಗಳು ಒಂದೋ ತೆರೆಯುತ್ತವೆ, ಇಲ್ಲವೇ ಸಾಕಷ್ಟು ಎತ್ತರ ಇರುತ್ತವೆ. ಕೆಲವು ಕಡೆ ಸೇತುವೆಯೇ ಇಲ್ಲ, ರಸ್ತೆಯೇ ನೀರಿನ ಕೆಳಗೆ ನುಸುಳುತ್ತದೆ. ಗೌಡಾ ಹತ್ತಿರ ಎ12 ಹೆದ್ದಾರಿಯ ಮೇಲೆ ನಿಮ್ಮ ದೋಣಿ ತೇಲಿಕೊಂಡು ಹೋಗುತ್ತದೆ.

ಆದರೆ ಕಾಗದದ 15.2 ಮೀಟರ್ ನಂಬಿ ಹೊರಡಬೇಡಿ. ತಯಾರಕರು ಕೊಡುವ ಸಂಖ್ಯೆಯಲ್ಲಿ ತುದಿಯ ರೇಡಿಯೊ ಆಂಟೆನಾ, ಗಾಳಿಸೂಚಿ, ದೀಪ ಇವು ಹೆಚ್ಚಾಗಿ ಸೇರಿರುವುದಿಲ್ಲ. ದೊಡ್ಡ ಹಾಯಿ ಏರಿಸುವ ಹಗ್ಗಕ್ಕೆ ಅಳತೆಪಟ್ಟಿಯ ತುದಿ ಕಟ್ಟಿ ಮೇಲಿನವರೆಗೆ ಎಳೆಯಿರಿ, ಅಟ್ಟದವರೆಗೆ (ದೋಣಿಯ ಮೇಲೆ ನಡೆದಾಡುವ ಹಲಗೆ, ಡೆಕ್) ಎಷ್ಟು ಬಂತು ನೋಡಿ, ಅಟ್ಟದಿಂದ ನೀರಿಗೆ ಎಷ್ಟು ಅಂತ ಅದಕ್ಕೆ ಸೇರಿಸಿ. ಹಗ್ಗದ ಕೊಂಡಿ ಕಂಬದ ತುತ್ತತುದಿಗಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ, ಆ ಅಂತರವೂ ಲೆಕ್ಕಕ್ಕೆ ಬರಬೇಕು. ಆಮೇಲೆ ಆಂಟೆನಾ. 90 ಸೆಂಟಿಮೀಟರಿನದ್ದಾದರೆ ನಿಮ್ಮದು 16.1 ಮೀಟರ್ ಆಗುತ್ತದೆ. ಅಳೆಯುವಾಗ ನೀರಿನ ಟ್ಯಾಂಕ್, ಡೀಸೆಲ್ ಟ್ಯಾಂಕ್ ಖಾಲಿ ಇರಲಿ. ಭಾರ ಕಡಿಮೆ ಇದ್ದಾಗ ದೋಣಿ ಮೇಲೆ ನಿಲ್ಲುತ್ತದೆ, ಕಂಬ ಅತಿ ಎತ್ತರ ಇರುವುದು ಆಗಲೇ. ತುಂಬಿದ ದೋಣಿಯಲ್ಲಿ ಅಳೆದವರಿಗೆ ಪ್ರಯಾಣದ ಕೊನೆಯಲ್ಲಿ ಲೆಕ್ಕ ತಪ್ಪುತ್ತದೆ.

ಈ ಸಂಖ್ಯೆ ನಿಜವಾಗಿ ಬೇಕಾಗುವುದು ಎರಡು ಜಾಗಗಳಲ್ಲಿ: ಕ್ರಾಮರ್ ಮತ್ತು ಫೋಲ್ಕೆರಾಕ್‌ನ ಹಾಯಿದೋಣಿ ಲಾಕ್‌ಗಳು. ಎರಡರ ಮೇಲೂ ತೆರೆಯದ ಸೇತುವೆ ಉಂಟು, ಎತ್ತರ 18 ಮೀಟರಿಗಿಂತ ಸ್ವಲ್ಪ ಹೆಚ್ಚು. ನೀವು ದಾಟುತ್ತೀರಿ. ಹೊರಡುವ ವಾರದಲ್ಲಿ ನೀರಿನ ಮಟ್ಟದ ಸೂಚನೆ ಮಾತ್ರ ಓದಿಕೊಳ್ಳಿ.

ನಕ್ಷೆ ಓದುವಾಗ ಒಂದು ವಿಷಯ ನೆನಪಿರಲಿ. ಅಲ್ಲಿಯ ಒಳನಾಡಿನ ನಕ್ಷೆಗಳಲ್ಲಿ ಸೇತುವೆಯ ಎತ್ತರ ಡೆಸಿಮೀಟರಿನಲ್ಲಿ ಇರುತ್ತದೆ. 'ಎಚ್ 54' ಎಂದರೆ 5.4 ಮೀಟರ್, 54 ಅಡಿ ಅಲ್ಲ. 'ಬಿಬಿ' ಎಂದಿದ್ದರೆ ತೆರೆಯುವ ಸೇತುವೆ. ದೂರವೂ ವೇಗವೂ ಕಿಲೋಮೀಟರಿನಲ್ಲೇ ಬರುತ್ತವೆ, ಜಿಪಿಎಸ್ ಅನ್ನು ನಾಟಿಕಲ್ ಮೈಲಿನಿಂದ ಮೊದಲೇ ಬದಲಿಸಿಡಿ.

ದಾರಿ ಹೀಗೆ. ಫ್ಲಿಸಿಂಗೆನ್ ಲಾಕ್, ವಾಲ್ಖೆರೆನ್ ಕಾಲುವೆ, ಮಿಡೆಲ್ಬರ್ಗ್, ವೇರೆ, ವೇರ್ಸೆ ಮೇರ್ ಎಂಬ ಉಬ್ಬರವಿಲ್ಲದ ಸರೋವರ, ಜಾಂಡ್‌ಕ್ರೇಕ್ ಲಾಕ್. ಅಲ್ಲಿಂದ ಓಸ್ಟರ್‌ಸ್ಖೆಲ್ಡೆ. ಅದು ಉಪ್ಪುನೀರು, ಉಬ್ಬರ–ಇಳಿತದ ವ್ಯತ್ಯಾಸ ಸುಮಾರು 3 ಮೀಟರ್. ನಮ್ಮ ಕರಾವಳಿಯ ಒಂದೂವರೆ ಮೀಟರಿನ ಅಂದಾಜು ಅಲ್ಲಿ ನಡೆಯುವುದಿಲ್ಲ, ಸೆಳೆತ ಬಲವಾಗಿರುತ್ತದೆ. ಅಲ್ಲೇ ಜೇಲಾಂಡ್ ಸೇತುವೆ, 1965ರದ್ದು, 5 ಕಿಲೋಮೀಟರ್ ಉದ್ದ. ತೆರೆಯುವ ಭಾಗ ಉತ್ತರದಲ್ಲಿ ಜೀರಿಕ್‌ಜೇ ಬದಿಗೆ ಉಂಟು, ಬೇರೆ ಕಮಾನುಗಳ ಕಡೆ ತಿರುಗಲೇಬೇಡಿ.

ಆಮೇಲೆ ಕ್ರಾಮರ್, ಫೋಲ್ಕೆರಾಕ್, ಹೊಲಾಂಡ್ಸ್ ಡೀಪ್, ಡಾರ್ಟ್ಸೆ ಕಿಲ್, ಡೋರ್ಡ್ರೆಖ್ಟ್. ನಿಜವಾದ ಕಾಯುವಿಕೆ ಶುರುವಾಗುವುದು ಇಲ್ಲಿ. ಡೋರ್ಡ್ರೆಖ್ಟ್‌ನ ರೈಲು ಸೇತುವೆ ಮತ್ತು ಅದರ ಪಕ್ಕದ ರಸ್ತೆ ಸೇತುವೆ ಒಟ್ಟಿಗೆ, ದಿನಕ್ಕೆ ಕೆಲವೇ ನಿಗದಿತ ಹೊತ್ತಿನಲ್ಲಿ ತೆರೆಯುತ್ತವೆ. ರೈಲಿನ ವೇಳಾಪಟ್ಟಿಯಲ್ಲಿ ಸಿಕ್ಕ ಕೆಲವು ನಿಮಿಷ ಅದು. ನಿಮಗೋಸ್ಕರ ಎರಡು ನಿಮಿಷ ಹಿಡಿದಿಡಲು ಅವರಿಗೆ ಸಾಧ್ಯವಿಲ್ಲ. 15 ನಿಮಿಷ ಮೊದಲೇ ಅಲ್ಲಿರಿ. ಡಾರ್ಟ್ಸೆ ಕಿಲ್‌ನಲ್ಲಿ ಸೆಳೆತ ಎದುರಾದರೆ ನಿಮ್ಮ ದೋಣಿಯ ವೇಗ ಬಹಳ ಕಡಿಮೆಯಾಗುತ್ತದೆ. ಆದ್ದರಿಂದ ಲೆಕ್ಕ ಹಿಂದಿನಿಂದ ಹಾಕಿ: ಮೊದಲು ರೈಲು ಸೇತುವೆಯ ಹೊತ್ತು, ಅದರ ಹಿಂದೆ ಸೆಳೆತ, ಅದರ ಹಿಂದೆ ಫೋಲ್ಕೆರಾಕ್ ಲಾಕ್ ಬಿಡುವ ಹೊತ್ತು.

ಡೋರ್ಡ್ರೆಖ್ಟ್ ದಾಟಿದ ಕೂಡಲೇ ಮೂರು ನದಿ ಸೇರುವ ಜಾಗ, ಸರಕು ಹಡಗುಗಳ ದಟ್ಟಣೆ ತುಂಬಾ. ಬಲಬದಿ ಬಿಡಬೇಡಿ. ಮುಂದೆ ನೋರ್ಡ್ ನದಿ, ಆಲ್ಬ್ಲಾಸರ್ಡಾಮ್ ಸೇತುವೆ, ಹೊಲಾಂಡ್ಸೆ ಐಸೆಲ್, ಕ್ರಿಂಪೆನ್‌ನಲ್ಲಿ 1958ರ ಪ್ರವಾಹ ತಡೆಗೇಟು, ಗೌಡಾದ ಯೂಲಿಯಾನಾ ಲಾಕ್, ಮತ್ತೆ ಹೊತ್ತು ನೋಡಿ ತೆರೆಯುವ ಗೌಡಾ ರೈಲು ಸೇತುವೆ. ನಂತರ ಖೌವೆ ಕಾಲುವೆಯಲ್ಲಿ ವಾಡಿಂಕ್ಸ್‌ಫೇನ್, ಬೋಸ್ಕೋಪ್, ಆಲ್ಫೆನ್‌ನ ಎತ್ತುವ ಸೇತುವೆಗಳು. 2025ರಲ್ಲಿ ಶುರುವಾದ ಹೊಸ ಪಾಂಬನ್ ಸೇತುವೆ ನೋಡಿದವರಿಗೆ ಅಂದಾಜು ಬರುತ್ತದೆ: ಎರಡು ಗೋಪುರಗಳ ನಡುವೆ ಇಡೀ ತೊಲೆ ನೇರ ಮೇಲೇರುತ್ತದೆ. ಪೂರ್ತಿ ಮೇಲೇರಿ ಹಸಿರು ಬೀಳುವವರೆಗೆ ಕೆಳಗೆ ನುಗ್ಗಬಾರದು.

ಉಬ್ಬರಇಳಿತ_ಮಂಜೇಶ್ವರ ಉತ್ತರ:

ಕೂವೆಮರದವರು ದಾರಿ ಹೇಳಿದ್ದಾರೆ, ನಾನು ದೀಪ ಮತ್ತು ರೇಡಿಯೊ ಬಗ್ಗೆ ಬರೆಯುತ್ತೇನೆ. ಹೊಸಬರು ಎಡವುವುದು ಇಲ್ಲೇ.

ಒಂದು ಕೆಂಪು ಎಂದರೆ ಹೋಗಬೇಡಿ, ಆದರೆ ಸೇತುವೆ ಸೇವೆಯಲ್ಲಿದೆ. ಕೆಂಪು ಮತ್ತು ಹಸಿರು ಒಟ್ಟಿಗೆ ಬಂದರೆ ತೆರೆಯುವ ಸಿದ್ಧತೆ ನಡೆದಿದೆ, ಹಗ್ಗ ಬಿಚ್ಚಿ ತಯಾರಾಗಿ, ಆದರೆ ಹೊರಡಬೇಡಿ. ಹಸಿರು ಮಾತ್ರ ಉಳಿದಾಗ ಹೋಗಿ. ಒಂದರ ಮೇಲೊಂದು ಎರಡು ಕೆಂಪು ಇದ್ದರೆ ಆ ಸೇತುವೆ ಈಗ ಸೇವೆಯಲ್ಲೇ ಇಲ್ಲ: ರಾತ್ರಿಯ ವಿರಾಮ, ದುರಸ್ತಿ ಅಥವಾ ಗಾಳಿ ಜಾಸ್ತಿ. ಅದರ ಎದುರು ತಿರುಗುತ್ತಾ ಕಾಯುವುದು ಬರೀ ಡೀಸೆಲ್ ನಷ್ಟ, ದಕ್ಕೆಗೆ ಕಟ್ಟಿ. ಹಳದಿ ದೀಪ ಬೇರೆಯೇ ಮಾತು. ಮುಚ್ಚಿದ ಸೇತುವೆಯ ಅಡಿಯಲ್ಲಿ ಹಿಡಿಸುವವರು ಹೋಗಬಹುದು ಅಂತ ಅರ್ಥ. ಒಂದು ಹಳದಿ ಇದ್ದರೆ ಎದುರಿನಿಂದಲೂ ದೋಣಿ ಬರಬಹುದು, ಎರಡಿದ್ದರೆ ಬರುವುದಿಲ್ಲ. 16 ಮೀಟರ್ ಕಂಬದವರಿಗೆ ಹಳದಿ ಯಾವತ್ತೂ ಅನುಮತಿಯಲ್ಲ. ಮುಂದಿನ ಮೋಟಾರ್ ದೋಣಿ ಹೋಯಿತು ಅಂತ ಹಿಂದೆ ಹೋದರೆ ಕಂಬ ಹೋದಂತೆ.

ಬಹಳ ಸೇತುವೆಗಳಲ್ಲಿ ಈಗ ಮನುಷ್ಯರು ಕಾಣುವುದಿಲ್ಲ, ದೂರದ ಕೇಂದ್ರದಿಂದ ಕ್ಯಾಮರಾ ನೋಡಿ ತೆರೆಯುತ್ತಾರೆ. ಆದ್ದರಿಂದ ಕರೆಯಬೇಕು. ವಿಎಚ್‌ಎಫ್ ರೇಡಿಯೊದಲ್ಲಿ ಸೇತುವೆಯ ಪಕ್ಕದ ಫಲಕದಲ್ಲಿ ಬರೆದ ಚಾನೆಲ್‌ಗೆ ಹೋಗಿ. 18, 20, 22 ಹೆಚ್ಚು ಕಾಣುತ್ತವೆ. ಸೇತುವೆಯ ಹೆಸರು, ದೋಣಿಯ ಹೆಸರು, ಉತ್ತರಕ್ಕೋ ದಕ್ಷಿಣಕ್ಕೋ, ನಿಂತ ಕಂಬ, ಎಷ್ಟು ಮೀಟರ್, ಇಷ್ಟು ಹೇಳಿದರೆ ಸಾಕು. ಇಂಗ್ಲಿಷ್ ನಡೆಯುತ್ತದೆ. ರೇಡಿಯೊ ಕೈಕೊಟ್ಟರೆ ಕಾಯುವ ದಕ್ಕೆಯಲ್ಲಿ 'ಸ್ಪೋರ್ಟ್' ಎಂದು ಬರೆದ ಕಡೆ ಗುಂಡಿ ಅಥವಾ ಮಾತಾಡುವ ಪೆಟ್ಟಿಗೆ ಇರುತ್ತದೆ. ಅದೂ ಇಲ್ಲದಿದ್ದರೆ ಹಾರ್ನ್: ಉದ್ದ–ಗಿಡ್ಡ–ಉದ್ದ, ತೆರೆಯಿರಿ ಅಂತ.

ರೇಡಿಯೊ ಬಗ್ಗೆ ಭಾವನ ಹತ್ತಿರ ಒಂದು ಪ್ರಶ್ನೆ ಖಂಡಿತ ಕೇಳಿ: ಅದರಲ್ಲಿ ಏಟಿಸ್ ಸಂಕೇತ ಹಾಕಿಸಿದ್ದಾರಾ? ಒಳನಾಡಿನ ನೀರಿನಲ್ಲಿ ಅದು ಕಡ್ಡಾಯ, ಮಾತು ಮುಗಿದಾಗ ದೋಣಿಯ ಗುರುತನ್ನು ತಾನೇ ಕಳಿಸುತ್ತದೆ. ಮಾತಾಡುವವರಿಗೂ ರೇಡಿಯೊ ಪ್ರಮಾಣಪತ್ರ ಬೇಕು. ದೋಣಿ ನಡೆಸುವ ಪರವಾನಗಿಯ ಮಾತೇ ಬೇರೆ: 15 ಮೀಟರಿಗಿಂತ ಗಿಡ್ಡ, ಗಂಟೆಗೆ 20 ಕಿಲೋಮೀಟರಿಗಿಂತ ಹೆಚ್ಚು ಓಡದ ದೋಣಿಗೆ ಅಲ್ಲಿಯ ಕಾನೂನು ಅದನ್ನು ಕೇಳುವುದಿಲ್ಲ. ಆದರೆ ಬಿಪಿಆರ್ ಎಂಬ ಒಳನಾಡಿನ ಸಂಚಾರ ನಿಯಮಾವಳಿಯ ಪ್ರತಿ ದೋಣಿಯಲ್ಲಿ ಇರಲೇಬೇಕು. ಅದರಲ್ಲಿ ನಿಮಗೆ ಮುಖ್ಯವಾದದ್ದು: 20 ಮೀಟರಿಗಿಂತ ಚಿಕ್ಕವರು ದೊಡ್ಡ ಹಡಗಿಗೆ ದಾರಿ ಬಿಡಬೇಕು, ಹಾಯಿ ಬಿಚ್ಚಿದ್ದರೂ ಸರಿ. ಹಾಯಿಯ ಜೊತೆ ಎಂಜಿನ್ ನಡೆಯುತ್ತಿದ್ದರೆ ಕಪ್ಪು ಶಂಕುವನ್ನು ತುದಿ ಕೆಳಗಾಗಿ ತೂಗಿಸಬೇಕು. ಇದನ್ನು ಮರೆಯುವವರು ಬಹಳ.

ಹೊತ್ತಿನ ವಿಷಯ: ಪೇಟೆಯ ಹತ್ತಿರದ ರಸ್ತೆ ಸೇತುವೆಗಳು ಬೆಳಿಗ್ಗೆ 7ರಿಂದ 9, ಸಂಜೆ 4ರಿಂದ 6ರ ಆಸುಪಾಸು ವಾಹನಗಳಿಗಾಗಿ ಮುಚ್ಚಿರುತ್ತವೆ. ಭಾನುವಾರದ ಪಟ್ಟಿ ಬೇರೆ. ಆ ಎರಡು ಹೊತ್ತಿಗೆ ಊಟ, ತಿಂಡಿ, ನೀರು ತುಂಬಿಸುವ ಕೆಲಸ ಇಟ್ಟುಕೊಳ್ಳಿ.

ಹೊಳೆಬದಿ_ಕುಂಬಳೆ:

ಇಬ್ಬರಿಗೂ ತುಂಬಾ ಧನ್ಯವಾದ. ಆಲ್ಫೆನ್ ಆದಮೇಲೆ ಆಮ್ಸ್ಟರ್‌ಡಾಮ್ ಮೂಲಕ ರಾತ್ರಿ ಹೋಗಬೇಕು ಅಂತ ಒಬ್ಬರು, ಹಾರ್ಲೆಮ್ ಮೂಲಕ ಹಗಲು ಹೋಗಬಹುದು ಅಂತ ಇನ್ನೊಬ್ಬರು. ಇಬ್ಬರೇ ಇರುವಾಗ ಯಾವುದು ಒಳ್ಳೆಯದು?

ಕೂವೆಮರ ಉತ್ತರ:

ಇಬ್ಬರೇ ಆದರೆ ಹಾರ್ಲೆಮ್.

ಆಮ್ಸ್ಟರ್‌ಡಾಮ್ ದಾರಿಯಲ್ಲಿ ಎ10 ಹೆದ್ದಾರಿಯ ಸೇತುವೆ ಮತ್ತು ರೈಲು ಸೇತುವೆ ಕಂಬದವರಿಗೆ ರಾತ್ರಿ ಮಾತ್ರ ತೆರೆಯುತ್ತವೆ. ಹೆಸರು ಕೊಟ್ಟು, ನ್ಯೂವೆ ಮೇರ್ ಬದಿಯಲ್ಲಿ ಸಂಜೆಯೇ ಹೋಗಿ ಕಟ್ಟಿ, ಮಧ್ಯರಾತ್ರಿ ಕಳೆದ ಮೇಲೆ ಎಲ್ಲ ದೋಣಿಗಳೂ ಒಂದು ಸಾಲಿನಲ್ಲಿ ಊರೊಳಗೆ ದಾಟಬೇಕು. ಸಾಲಿನಲ್ಲಿ ಹಿಂದೆ ಬಿದ್ದರೆ ಸೇತುವೆ ಮುಚ್ಚುತ್ತದೆ, ಎರಡು ಸೇತುವೆಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಕತ್ತಲಲ್ಲಿ ಬೀದಿದೀಪಗಳ ನಡುವೆ ಸೇತುವೆಯ ಕೆಂಪು–ಹಸಿರು ಹುಡುಕುವುದೂ ಕಷ್ಟ. ಒಬ್ಬರು ಚುಕ್ಕಾಣಿ, ಒಬ್ಬರು ಹಗ್ಗ, ನಿದ್ದೆಗೆ ಯಾರೂ ಇಲ್ಲ.

ಹಾರ್ಲೆಮ್ ದಾರಿ ಉದ್ದ. ಬ್ರಾಸೆಮರ್‌ಮೇರ್ ಆದಮೇಲೆ ಹಾರ್ಲೆಮರ್‌ಮೇರ್ ಸುತ್ತುವ ರಿಂಗ್‌ಫಾರ್ಟ್ ಕಾಲುವೆಯ ಪಶ್ಚಿಮ ತೋಳು ಹಿಡಿಯಬೇಕು. ಕಾಖ್ ಹತ್ತಿರ ಎ44 ಹೆದ್ದಾರಿ ಸೇತುವೆ, ಕೊನೆಯಲ್ಲಿ ಸ್ಪಾರ್ನ್‌ಡಾಮ್ ಲಾಕ್ ದಾಟಿದ ಮೇಲೆ ಎ9 ಸೇತುವೆ, ಈ ಎರಡಕ್ಕೂ ಹೊತ್ತಿನ ಕಟ್ಟುನಿಟ್ಟು ಉಂಟು. ನಡುವೆ ಸ್ಪಾರ್ನೆ ನದಿಯಲ್ಲಿ ಹಾರ್ಲೆಮ್ ಪೇಟೆಯ ಸೇತುವೆಗಳು ಒಂದರ ಹಿಂದೆ ಒಂದು ತೆರೆಯುತ್ತಾ ಹೋಗುತ್ತವೆ. ಹಗಲು ಬೆಳಕಿನಲ್ಲಿ ಮಾಡಬಹುದಾದ ಕೆಲಸ. ಆಮೇಲೆ ನೋರ್ಡ್‌ಜೇ ಕಾಲುವೆ. ಅದರ ಮೇಲೆ ಸೇತುವೆಯೇ ಇಲ್ಲ, ಸುರಂಗ ಮತ್ತು ದಾಟುದೋಣಿಗಳು ಮಾತ್ರ.

ಅಲ್ಲಿಂದ ಒರಾನ್ಯೆ ಲಾಕ್, ಮಾರ್ಕರ್‌ಮೇರ್. ಅದು 3–4 ಮೀಟರ್ ಆಳದ ಸರೋವರ, ಗಾಳಿ ಬ್ಯೂಫೋರ್ಟ್ ಎಂಬ ಗಾಳಿಬಲದ ಅಳತೆಯಲ್ಲಿ 5 ದಾಟಿತೆಂದರೆ ಅಲೆ ಗಿಡ್ಡವಾಗಿ ಕಡಿದಾಗಿ ಏಳುತ್ತದೆ, ದೋಣಿ ಮುಂದೆ ಸಾಗುವುದಿಲ್ಲ. ಒಂದು ದಿನ ಕಾದರೆ ನಷ್ಟವಿಲ್ಲ. ಎಂಕ್‌ಹೌಜೆನ್‌ನಲ್ಲಿ 2003ರ ಲಾಕ್ ಉಂಟು, ರಸ್ತೆ ಅದರ ಕೆಳಗೆ ಹೋಗುವುದರಿಂದ ಕಂಬಕ್ಕೆ ಮಿತಿಯೇ ಇಲ್ಲ. ಐಸೆಲ್‌ಮೇರ್ ದಾಟಿ ಸ್ಟಾಫೋರೆನ್ ಲಾಕ್, ಯೋಹಾನ್ ಫ್ರೀಸೊ ಕಾಲುವೆ, ಹೇಖ್.

ಕಡವು_ನೀಲೇಶ್ವರ ಉತ್ತರ:

ಲಾಕ್ ಬಗ್ಗೆ ಯಾರೂ ಬರೆದಿಲ್ಲ. ಅಲ್ಲಿ ಇದಕ್ಕೆ ಸ್ಲೌಸ್ ಎನ್ನುತ್ತಾರೆ.

ಎರಡೂ ಬದಿಗೆ ಫೆಂಡರ್ (ದೋಣಿ ಗೋಡೆಗೆ ಉಜ್ಜದಂತೆ ತೂಗಿಬಿಡುವ ಮೆತ್ತೆ) ಕಟ್ಟಿ, ಬದಿಗೆ ನಾಲ್ಕು. ಯಾವ ಗೋಡೆಗೆ ಹೋಗಬೇಕು ಅಂತ ಕೊನೆ ಕ್ಷಣದಲ್ಲಿ ಗೊತ್ತಾಗುವುದುಂಟು. 12–15 ಮೀಟರಿನ ನಾಲ್ಕು ಹಗ್ಗ ಬೇಕು. ಇಬ್ಬರೇ ಇರುವಾಗ ಮೊದಲು ದೋಣಿಯ ನಡುವಿನ ಕೊಕ್ಕೆಯಿಂದ ಒಂದು ಹಗ್ಗ ಗೋಡೆಗೆ ಸುತ್ತಿ, ದೋಣಿ ನಿಂತಮೇಲೆ ಮುಂದಿನದ್ದು, ಹಿಂದಿನದ್ದು. ಮುಂದಿನದ್ದನ್ನು ಮೊದಲು ಬಿಗಿದರೆ ಹಿಂಬದಿ ಹೊರಗೆ ತಿರುಗಿ ಪಕ್ಕದವರಿಗೆ ಬಡಿಯುತ್ತದೆ. ಹಗ್ಗವನ್ನು ಗೂಟಕ್ಕೆ ಸುತ್ತಿ ತುದಿ ಕೈಯಲ್ಲೇ ಹಿಡಿದಿರಿ, ಗಂಟು ಹಾಕಲೇಬಾರದು. ನೀರು ಇಳಿಯುವಾಗ ಗಂಟು ಹಾಕಿದ ದೋಣಿ ಗೋಡೆಗೆ ನೇತಾಡುತ್ತದೆ, ಕೊಕ್ಕೆ ಕಿತ್ತು ಬರುತ್ತದೆ. ಹತ್ತಿರ ಒಂದು ಚೂರಿ ಇರಲಿ.

ಸರಕು ಹಡಗಿನ ಜೊತೆ ಲಾಕ್ ಒಳಗೆ ಬಿಟ್ಟರೆ ಅದರ ಹಿಂದೆ, ಸಾಧ್ಯವಾದಷ್ಟು ದೂರ ನಿಲ್ಲಿ. ಗೇಟು ತೆರೆದು ಅದು ಹೊರಡುವಾಗ ಪಂಖದ ನೀರು ನಿಮ್ಮನ್ನು ಅಡ್ಡ ತಿರುಗಿಸುತ್ತದೆ. ಅದು ಪೂರ್ತಿ ಹೊರಗೆ ಹೋಗುವವರೆಗೆ ಹಗ್ಗ ಬಿಡಬೇಡಿ.

ಕಂಬ ನಿಂತಿರುವವರಿಗೆ ಮಾತ್ರ ಬರುವ ತೊಂದರೆಗಳೂ ಉಂಟು. ಎರಡು ಹಾಯಿದೋಣಿ ಪಕ್ಕಪಕ್ಕ ಕಟ್ಟಿದಾಗ ಕಂಬದ ಅಡ್ಡತೋಳುಗಳು ಒಂದೇ ಸಾಲಿಗೆ ಬಂದರೆ ಅಲೆಗೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಒಂದು ದೋಣಿ ಅರ್ಧ ಮೀಟರಾದರೂ ಹಿಂದೆ ಇರಲಿ. ಒಂದು ಬದಿಗೆ ಏಳುವ ಸೇತುವೆಯ ಹಲಗೆ ಪೂರ್ತಿ ನೆಟ್ಟಗೆ ನಿಲ್ಲುವುದಿಲ್ಲ, ನೀರಿನ ಮೇಲೆ ಸ್ವಲ್ಪ ಬಾಗಿರುತ್ತದೆ. ಕೆಳಗೆ ಜಾಗ ಧಾರಾಳ ಕಂಡರೂ ಮೇಲೆ ಆಂಟೆನಾ ತಾಗುತ್ತದೆ. ಹಲಗೆಯ ಎದುರು ಬದಿಗೆ ಸರಿದು ಹೋಗಿ. ರಿಂಗ್‌ಫಾರ್ಟ್ ದಡದಲ್ಲಿ ಮರದ ಕೊಂಬೆಗಳಿದ್ದರೆ ಕಣ್ಣು ಮೇಲೂ ಇರಬೇಕು, ಗಾಳಿಸೂಚಿ ಕಳೆದುಹೋಗುವುದು ಅಂಥಲ್ಲೇ.

ಸೇತುವೆ ಕಾಯುವಾಗ ಗಾಳಿಯೋ ಸೆಳೆತವೋ ಹಿಂದಿನಿಂದ ಇದ್ದರೆ ಹತ್ತಿರ ಹೋಗಬೇಡಿ. ನಾಲ್ಕೈದು ದೋಣಿಯುದ್ದ ಹಿಂದೆಯೇ, ಗಾಳಿಗೆ ಮುಖ ಮಾಡಿ ನಿಲ್ಲಿ. ಹಿಂದಕ್ಕೆ ಎಳೆಯುವಾಗ ಹಾಯಿದೋಣಿಯ ಚುಕ್ಕಾಣಿ ಮಾತು ಕೇಳುವುದು ನಿಧಾನ.

ಫ್ರೀಸ್‌ಲಾಂಡಿನಲ್ಲಿ ಬೇಸಿಗೆಗೆ ನೀರಿನ ಕಳೆ ಜಾಸ್ತಿ. ಎಂಜಿನ್ ತಂಪು ಮಾಡುವ ನೀರಿನ ಜರಡಿಯನ್ನು ದಿನಕ್ಕೊಮ್ಮೆ ಬಿಚ್ಚಿ ತೊಳೆಯಿರಿ. ಹಿಂದಿನ ಕೊಳವೆಯಿಂದ ನೀರು ಚಿಮ್ಮುವುದು ಕಡಿಮೆಯಾದರೆ ಕೂಡಲೇ ನಿಲ್ಲಿಸಿ, ಆ ನೀರಿನ ಪಂಪಿನೊಳಗಿನ ರಬ್ಬರ್ ರೆಕ್ಕೆ ಸುಟ್ಟುಹೋದರೆ ಸೇತುವೆಯ ಬಾಯಲ್ಲೇ ಎಂಜಿನ್ ಕೈಬಿಡುತ್ತದೆ. ಬದಲಿ ರೆಕ್ಕೆ ಒಂದು, ಬೆಲ್ಟ್ ಒಂದು ಇಟ್ಟುಕೊಳ್ಳಿ. ಶೌಚದ ಟ್ಯಾಂಕನ್ನು ನೀರಿಗೆ ಬಿಡುವುದು 2009ರಿಂದ ನಿಷಿದ್ಧ, ಬಂದರುಗಳಲ್ಲಿ ಹೀರಿಸಬೇಕು.

ಕೆಲವು ಸಣ್ಣ ಊರುಗಳಲ್ಲಿ ಸೇತುವೆಗೆ ಹಣ ಕೇಳುತ್ತಾರೆ. ಗಾಳದ ಕೋಲಿನ ತುದಿಗೆ ಮರದ ಚಪ್ಪಲಿ ಕಟ್ಟಿ ನಿಮ್ಮ ಕಡೆ ತೂಗಿಬಿಡುವುದು ಅಲ್ಲಿಯ ಹಳೆಯ ಪದ್ಧತಿ, ಹಣವನ್ನು ಅದರೊಳಗೆ ಹಾಕಬೇಕು. ಒಂದೆರಡು ಯೂರೋ ನಾಣ್ಯಗಳು ಚುಕ್ಕಾಣಿಯವರ ಜೇಬಿನಲ್ಲೇ ಇರಲಿ.