ಭದ್ರಾವತಿ: ಫ್ಯಾಕ್ಟರಿಗೆ ಕಾಯೋಣವಾ, ಬೀದಿ ಸರಿಮಾಡಿಕೊಳ್ಳೋಣವಾ?

ಹೊಸಮನೆಯವ:
ನಮ್ಮೂರಿನ ಬಗ್ಗೆ ಒಂದು ಪ್ರಶ್ನೆ ಬಹಳ ದಿನದಿಂದ ಕೊರೆಯುತ್ತಿದೆ. ಕಾಗದದ ಕಾರ್ಖಾನೆ ಎಂಪಿಎಂ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚಲು ಅದರ ಒಡೆತನದ ಕೇಂದ್ರದ ಉಕ್ಕು ಕಂಪನಿ ಸೈಲ್ ತೀರ್ಮಾನ ಮಾಡಿತು. ಗೇಟಿನ ಮುಂದೆ ಹೋರಾಟ ಶುರುವಾಯಿತು, ಅದೇ ವರ್ಷ ಆಗಸ್ಟ್‌ನಲ್ಲಿ ಉಕ್ಕಿನ ಸರಳು ಮಾಡುವ ಬಾರ್ ಮಿಲ್ ಮತ್ತೆ ಓಡಿತು. 2024ರಲ್ಲಿ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿ ಪುನಶ್ಚೇತನದ ಭರವಸೆ ಕೊಟ್ಟರು. ಊರು ಕಾಯುತ್ತಲೇ ಇದೆ. ಈ ನಡುವೆ ಜನ ಹೋಗುತ್ತಿದ್ದಾರೆ. 2001ರ ಜನಗಣತಿಯಲ್ಲಿ ನಾವು ಸುಮಾರು 1.60 ಲಕ್ಷ ಇದ್ದೆವು, 2011ರಲ್ಲಿ 1.51 ಲಕ್ಷ. ಎರಡು ಫ್ಯಾಕ್ಟರಿಯೂ ಓಡುತ್ತಿದ್ದ ಕಾಲದಲ್ಲೇ ಇಷ್ಟು ಇಳಿದಿದ್ದೆವು.

ನನ್ನ ಅಭಿಪ್ರಾಯ ಇಷ್ಟು: ಫ್ಯಾಕ್ಟರಿ ಬರಲಿ ಅಂತ ಕೇಳೋಣ, ಆದರೆ ಅದು ಬರುವವರೆಗೆ ಕಾರ್ಖಾನೆಗಳ ಟೌನ್‌ಶಿಪ್‌ಗಳಾದ ನ್ಯೂಟೌನ್, ಪೇಪರ್‌ಟೌನ್ ಬೀದಿಗಳನ್ನು ಹಾಳು ಬಿಡಬಾರದು. ಬೀದಿ ದೀಪ, ಚರಂಡಿ, ಮುಚ್ಚಿದ ಮನೆಗಳು, ಪಾರ್ಕು, ಇವನ್ನು ಈಗಲೇ ಕೈಗೆತ್ತಿಕೊಳ್ಳಬೇಕು. ನೀವೇನಂತೀರಿ?

ನಿವೃತ್ತ ಫೋರ್‌ಮನ್:
ನಿಮ್ಮ ಕಾಳಜಿ ಸರಿ, ಆದರೆ ನೀವು ಬಾಲ ಹಿಡಿದು ಎಳೆಯುತ್ತಿದ್ದೀರಿ. ಸಂಬಳ ಬರದ ಊರಿಗೆ ದೀಪ ಹಾಕಿ ಏನು ಮಾಡೋದು? 1918ರಲ್ಲಿ ಈ ಉಕ್ಕಿನ ಕಾರ್ಖಾನೆಯ ಕೆಲಸ ಶುರುವಾದಾಗ ಇಲ್ಲಿ ಪೇಟೆಯೇ ಇರಲಿಲ್ಲ ಅನ್ನಬಹುದು. 1923ರಲ್ಲಿ ಕಬ್ಬಿಣ ಹೊರಬಂತು. ಶುರುವಿನಲ್ಲಿ ನಷ್ಟವೇ ಇತ್ತು. ಆಗ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತು 1929ರ ಹೊತ್ತಿಗೆ ಅದನ್ನು ದಡ ಮುಟ್ಟಿಸಿದರು. ನಷ್ಟ ಅಂತ ಆಗಲೇ ಬೀಗ ಹಾಕಿದ್ದರೆ ಈ ಊರೇ ಇರುತ್ತಿರಲಿಲ್ಲ.

ಈಗಿನ ನಷ್ಟಕ್ಕೂ ಕಾರಣ ಗೊತ್ತಿರುವುದೇ. ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಅದಿರು ಇಳಿಯುತ್ತಿತ್ತು. ಆ ಗಣಿ ನಿಂತ ಮೇಲೆ ನಮಗೆ ಸ್ವಂತ ಅದಿರಿಲ್ಲ. ಸಂಡೂರಿನ ರಾಮನದುರ್ಗದಲ್ಲಿ ಗಣಿ ಕೊಡುತ್ತೇವೆ ಅಂದರು, ಅಲ್ಲಿಂದ ಅದಿರು ಬರಲೇ ಇಲ್ಲ. ಮಾರುಕಟ್ಟೆ ಬೆಲೆಗೆ ಅದಿರು, ಕೋಕ್ ಕೊಂಡು ಹಳೇ ಫರ್ನೇಸ್ ನಡೆಸಿದರೆ ಯಾರಿಗೆ ಲಾಭ ಬರುತ್ತೆ? ಒತ್ತಡ ಹಾಕಬೇಕಾದ್ದು ಅಲ್ಲಿ. ಪಾರ್ಕಿನ ಮಾತೆತ್ತಿದರೆ ದೆಹಲಿಯವರು ಇವರು ಹೊಂದಿಕೊಂಡರು ಅಂದುಕೊಳ್ಳುತ್ತಾರೆ.

ಕಾಗದನಗರದ ಮಗಳು:
ಫೋರ್‌ಮನ್ ಸಾರ್, ನೀವು ನಮ್ಮ ಅಪ್ಪನ ವಯಸ್ಸಿನವರು, ಗೌರವದಿಂದಲೇ ಹೇಳುತ್ತೇನೆ. ಒಂದು ಮಾತು ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ. ಫ್ಯಾಕ್ಟರಿ ವಾಪಸ್ ಬಂದರೂ ಟೌನ್‌ಶಿಪ್ ವಾಪಸ್ ಬರಲ್ಲ. ಹೊಸ ಯಂತ್ರಕ್ಕೆ ಕಡಿಮೆ ಕೈ ಸಾಕು. ಇವತ್ತು ಯಾವ ಕಂಪನಿ ಸಾವಿರಾರು ಮನೆ ಕಟ್ಟಿ, ನೀರು ಬಿಟ್ಟು, ಶಾಲೆ, ಆಸ್ಪತ್ರೆ ನಡೆಸುತ್ತೆ ಹೇಳಿ?

1936ರಲ್ಲಿ ಎಂಪಿಎಂ ಶುರುವಾದ ಮೇಲೆ ಪೇಪರ್‌ಟೌನ್ ಬೆಳೆಯಿತು. ನಮಗೆ ಎಲ್ಲವೂ ಅಲ್ಲಿಂದಲೇ. ನಲ್ಲಿ ಕೆಟ್ಟರೆ ಟೌನ್‌ಶಿಪ್ ಆಫೀಸಿಗೆ ಹೇಳಬೇಕು, ಬಲ್ಬ್ ಹೋದರೂ ಅಲ್ಲಿಗೇ. ನಗರಸಭೆ ಅಂದರೆ ಹೊಳೆಯಾಚೆಯ ವಿಷಯ ಅಂತ ಬೆಳೆದವರು ನಾವು. ಕೌನ್ಸಿಲರ್ ಯಾರು ಅಂತ ಕೇಳುವ ಅಭ್ಯಾಸವೇ ಇರಲಿಲ್ಲ. ಅಲ್ಲೇ ಆಗಿದ್ದು ಎಡವಟ್ಟು. ಕಂಪನಿ ಕೈ ಬಿಟ್ಟಾಗ ನಗರಸಭೆ ಹಿಡಿದುಕೊಳ್ಳಲಿಲ್ಲ, ನಮಗೂ ಹಿಡಿಸುವುದು ಹೇಗೆ ಅಂತ ಗೊತ್ತಾಗಲಿಲ್ಲ. ಈಗ ಖಾಲಿ ಮನೆಗಳ ಕಿಟಕಿ, ಬಾಗಿಲು ಕಳ್ಳರ ಪಾಲಾಗುತ್ತಿವೆ. ಹೆಣ್ಣುಮಕ್ಕಳು ಸಂಜೆ ಏಳರ ಮೇಲೆ ಆ ರಸ್ತೆಗಳಲ್ಲಿ ನಡೆಯಲು ಹೆದರುತ್ತಾರೆ. ಇದು ಅದಿರಿನ ಗಣಿ ಸಿಗುವವರೆಗೆ ಕಾಯುವ ವಿಷಯವಾ?

ಬೆಂಗಳೂರಿನಲ್ಲಿರುವ ಭದ್ರಾವತಿಯವ:
ಹೊರಗಿಂದ ನೋಡಿದರೆ ಅವಕಾಶ ಕಾಣುತ್ತೆ. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆಯಿತು, ನಮ್ಮೂರಿಗೂ ಹತ್ತಿರವೇ. ರೈಲಿದೆ, ಹೊಳೆಯಿದೆ, ನೆರಳಿನ ರಸ್ತೆಗಳಿವೆ. ಖಾಲಿ ಟೌನ್‌ಶಿಪ್ ಜಾಗದಲ್ಲಿ ಐಟಿ ಪಾರ್ಕ್, ಕಾಲೇಜು ಬರಲಿ. ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳು ಮುಚ್ಚಿದವು, ಕಾಲೇಜುಗಳು ಆ ಊರನ್ನು ಎತ್ತಿದವು ಅಲ್ವಾ?

ನಿವೃತ್ತ ಫೋರ್‌ಮನ್:
ಆ ಜಾಗ ಖಾಲಿ ಅಂದವರು ಯಾರಪ್ಪಾ? ಅದು ಕಾರ್ಖಾನೆಯ ಜಾಗ. ಹೊಸ ಫರ್ನೇಸ್ ಹಾಕಲು ಯಾರಾದರೂ ದುಡ್ಡು ತಂದರೆ ಮೊದಲು ಕೇಳೋದು ಜಾಗವನ್ನೇ. ಇವತ್ತು ತುಂಡು ತುಂಡಾಗಿ ಕೊಟ್ಟರೆ ನಾಳೆ ಕಾರ್ಖಾನೆಗೆ ಉಳಿಯೋದು ಗೇಟು ಮಾತ್ರ. ಸೈಟು ಮಾಡಿ ಮಾರುವವರು ಕಾಯುತ್ತಾ ಇದ್ದಾರೆ. ನನ್ನ ಭಯ ಅದೇ.

ಗುತ್ತಿಗೆ ಮೇಲೆ ದುಡಿದವ:
ಎಲ್ಲರೂ ಕ್ವಾರ್ಟರ್ಸ್ ಬಗ್ಗೆ ಮಾತಾಡುತ್ತಿದ್ದೀರಿ. ಅಣ್ಣಂದಿರಾ, ಗುತ್ತಿಗೆಯವರಲ್ಲಿ ಎಷ್ಟು ಜನ ಕ್ವಾರ್ಟರ್ಸ್‌ನಲ್ಲಿದ್ದೆವು? ನಮ್ಮದು ಜನ್ನಾಪುರ, ಹಳೇನಗರದ ಬಾಡಿಗೆ ಮನೆ. 2023ರಲ್ಲಿ ಕೆಲಸ ಹೋಗುತ್ತೆ ಅಂದಾಗ ಬೀದಿಗೆ ಬಿದ್ದವರು ಸಾವಿರಕ್ಕೂ ಜಾಸ್ತಿ ಜನ, ಬಹುಪಾಲು ಗುತ್ತಿಗೆಯವರೇ. ಕಾಯಂ ನೌಕರರಿಗೆ ಬೇರೆ ಊರಿನ ಘಟಕಕ್ಕೆ ವರ್ಗಾವಣೆಯಾದರೂ ಇರುತ್ತೆ. ನಮಗೆ ಶಿವಮೊಗ್ಗದ ಬಸ್ಸು.

ಫೋರ್‌ಮನ್ ಸಾರ್ ಹೇಳಿದ ಹಾಗೆ ಕಾರ್ಖಾನೆ ಬೇಕೇ ಬೇಕು. ಅಕ್ಕ ಹೇಳಿದ ಹಾಗೆ ಬೀದಿಯೂ ಬೇಕು. ಆದರೆ ಬೀದಿ ಕೆಲಸ ಬಂದರೆ ಹೊರಗಿನ ಕಂಟ್ರಾಕ್ಟರ್ ಹೊರಗಿನ ಕೂಲಿಯವರನ್ನು ತರಬಾರದು. ನಮ್ಮಲ್ಲಿ ವೆಲ್ಡರ್ ಇದ್ದಾರೆ, ಫಿಟ್ಟರ್ ಇದ್ದಾರೆ, ಎಲೆಕ್ಟ್ರಿಷಿಯನ್ ಇದ್ದಾರೆ. ಉಕ್ಕು ಕರಗಿಸಿದ ಕೈಗೆ ಬೀದಿ ದೀಪದ ಕಂಬ ನಿಲ್ಲಿಸೋದು ಕಷ್ಟವಾ?

ಕೆಜಿಎಫ್‌ನಿಂದ:
ನಾನು ನಿಮ್ಮೂರಿನವನಲ್ಲ, ಆದರೂ ಬರೆಯಲೇಬೇಕು ಅನಿಸಿತು. ನಮ್ಮ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮತ್ತೆ ತೆರೆಯುತ್ತೆ ಅನ್ನುವ ಮಾತು ಪ್ರತಿ ಚುನಾವಣೆಗೂ ಬರುತ್ತೆ. ಅದನ್ನು ಕೇಳುತ್ತಾ ಒಂದು ತಲೆಮಾರು ದೊಡ್ಡದಾಯಿತು. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲು ನೋಡಿ, ಊರಿಗೆ ಊರೇ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮಲಗಲು ಬರುತ್ತೆ. ಗಣಿ ಕಾಲದ ಲೈನ್ ಮನೆಗಳಲ್ಲಿ ಎಷ್ಟೋ ಸಂಸಾರ ಇನ್ನೂ ಇವೆ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸಯನೈಡ್ ದಿಬ್ಬಗಳ ಧೂಳು ಗಾಳಿ ಬಂದಾಗ ಮನೆಯೊಳಗೇ ಬರುತ್ತೆ.

ನಮ್ಮ ತೊಂದರೆ ಏನಾಯಿತು ಅಂದರೆ, ಜಾಗ ಕೇಂದ್ರದ ಕಂಪನಿಯದ್ದು, ಜನ ನಗರಸಭೆಯವರು. ಯಾವುದನ್ನು ಕೇಳಿದರೂ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ನಿಮಗೆ ಇನ್ನೂ ಸಮಯವಿದೆ. ಜಾಗ ಯಾರದ್ದು, ಚರಂಡಿ ಯಾರದ್ದು ಅನ್ನುವುದನ್ನು ಈಗಲೇ ಕಾಗದದ ಮೇಲೆ ತನ್ನಿ.

ಕವಲಗುಂದಿ:
ಹೊಳೆದಂಡೆಯವರನ್ನೂ ಸೇರಿಸಿಕೊಳ್ಳಿ. ಭದ್ರಾ ಹೊಳೆಯ ಲಕ್ಕವಳ್ಳಿ ಡ್ಯಾಮ್ ತುಂಬುವ ಮಟ್ಟವಾದ 186 ಅಡಿ ಹತ್ತಿರ ಬಂದರೆ ನಮಗೆ ನಿದ್ದೆ ಇಲ್ಲ. ಗೇಟು ಎತ್ತಿದರೆ ಹೊಸ ಸೇತುವೆ ಮುಳುಗುತ್ತೆ, ಕವಲಗುಂದಿಯ ಮನೆಗಳಿಗೆ ನೀರು ನುಗ್ಗುತ್ತೆ. ಪ್ರತಿಸಲ ಗಂಜಿ ಕೇಂದ್ರ, ಪ್ರತಿಸಲ ಪರಿಹಾರದ ಮಾತು. ಒಂದು ಕಡೆ ಸಾಲು ಸಾಲು ಮನೆ ಬೀಗ ಹಾಕಿಕೊಂಡು ಹಾಳಾಗುತ್ತಿವೆ, ಇನ್ನೊಂದು ಕಡೆ ನಾವು ಮಕ್ಕಳನ್ನು ಎತ್ತಿಕೊಂಡು ಶಾಲೆಯಲ್ಲಿ ಮಲಗುತ್ತೇವೆ. ಇವೆರಡನ್ನೂ ಒಟ್ಟಿಗೆ ಇಟ್ಟು ಯಾರೂ ಯಾಕೆ ಯೋಚನೆ ಮಾಡಲ್ಲ?

ಹೊಸಮನೆಯವ:
ಕವಲಗುಂದಿಯವರ ಮಾತು ಎಲ್ಲಕ್ಕಿಂತ ಮುಖ್ಯ ಅನಿಸಿತು. ಮಳೆಗಾಲಕ್ಕಾದರೂ ಗಟ್ಟಿ ಇರುವ ಕ್ವಾರ್ಟರ್ಸ್‌ಗಳನ್ನು ತೆರೆದು ಕೊಡಿ ಅಂತ ಕೇಳಬಹುದು. ಇದಕ್ಕೆ ಜಾಗ ಮಾರುವ ಅಗತ್ಯವಿಲ್ಲ, ಆದ್ದರಿಂದ ಫೋರ್‌ಮನ್ ಸಾರ್ ಭಯಕ್ಕೂ ಕಾರಣವಿಲ್ಲ.

ಇನ್ನೊಂದು ವಿಷಯ. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ನಾವು ಸೇರಲಿಲ್ಲ. ವಾರ್ಡಿನ ಕೆಲಸ ನೋಡಿಕೊಳ್ಳುವ ವಾರ್ಡ್ ಸಮಿತಿ ವಿಷಯದಲ್ಲೂ ಹಾಗೇ. ಸಂವಿಧಾನದ 243ಎಸ್ ವಿಧಿ ಅದನ್ನು ಕಡ್ಡಾಯ ಮಾಡಿರೋದು 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನರಿರುವ ಊರುಗಳಿಗೆ. ನಾವು ಅದರ ಅರ್ಧ. ಯಾರೋ ಬಂದು ಸಮಿತಿ ಮಾಡಿಕೊಡಲ್ಲ. ಬಡಾವಣೆಯವರೇ ಸಂಘ ಮಾಡಿಕೊಂಡು ನಗರಸಭೆಯ ಬಾಗಿಲು ತಟ್ಟಬೇಕು.

ನಿವೃತ್ತ ಫೋರ್‌ಮನ್:
ಮಳೆಗಾಲಕ್ಕೆ ಮನೆ ಕೊಡುವುದಕ್ಕೆ ನನ್ನ ವಿರೋಧವಿಲ್ಲ. ಮನೆ ಇರೋದು ಜನ ಇರೋದಕ್ಕೇ. ಜಾಗ ಮಾರುವುದಕ್ಕೆ ಮಾತ್ರ ನಾನು ಕೊನೇವರೆಗೂ ಒಪ್ಪಲ್ಲ. ಸಂಘ ಮಾಡಿದರೆ ಅದರ ಮೊದಲ ಬೇಡಿಕೆ ಕಾರ್ಖಾನೆಯೇ ಆಗಿರಬೇಕು.

ಕಾಗದನಗರದ ಮಗಳು:
ಮೊದಲನೇದು, ಎರಡನೇದು ಅಂತ ಸಾಲು ಹಚ್ಚುವುದೇ ಬೇಡ ಸಾರ್. ಉಕ್ಕಿನ ಸಚಿವರಿಗೆ ಬರೆಯುವ ಪತ್ರ ನೀವು ಬರೆಯಿರಿ, ನಿಮ್ಮಷ್ಟು ಆ ಫರ್ನೇಸ್ ಬಲ್ಲವರು ಯಾರಿದ್ದಾರೆ? ದೀಪ, ಚರಂಡಿಯ ಅರ್ಜಿ ನಾನು ಬರೆಯುತ್ತೇನೆ. ಆದರೆ ಜಾಗ ಯಾರದ್ದು, ಚರಂಡಿ ಯಾರದ್ದು ಅಂತ ಕಾಗದದ ಮೇಲೆ ತರುವ, ಕೆಜಿಎಫ್‌ನವರು ಹೇಳಿದ ಕೆಲಸ ಎಲ್ಲಕ್ಕಿಂತ ಮುಂಚೆ ಆಗಬೇಕು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅನುಭವ ಇರುವವರು ಯಾರಾದರೂ ಇದ್ದೀರಾ?

ಗುತ್ತಿಗೆ ಮೇಲೆ ದುಡಿದವ:
ನಾನು ಪಿಎಫ್ ವಿಚಾರಕ್ಕೆ ಹಾಕಿದ್ದೆ, ಹೇಳುತ್ತೇನೆ ಅಕ್ಕ. ಮೂರು ಕಡೆ ಬೇರೆ ಬೇರೆ ಅರ್ಜಿ ಹಾಕಬೇಕು. ವಿಐಎಸ್‌ಎಲ್ ಸೈಲ್‌ಗೆ ಸೇರಿದ್ದು, ಅದು ಕೇಂದ್ರದ ಲೆಕ್ಕ. ಎಂಪಿಎಂ ರಾಜ್ಯ ಸರ್ಕಾರದ ಕಂಪನಿ. ಮೂರನೇದು ನಗರಸಭೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ಅರ್ಜಿಗಳಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ದಾಟಿದರೆ ವಾಪಸ್ ಬರಬಹುದು. ಹಾಗಾಗಿ "ಊರು ಹಾಳಾಗಿದೆ" ಅಂತ ಉದ್ದಕ್ಕೆ ಬರೆಯಬೇಡಿ. ಇಂಥ ರಸ್ತೆಯ ದೀಪ ಮತ್ತು ಚರಂಡಿ ನಿರ್ವಹಣೆ ಯಾರ ಹೊಣೆ, ಅದನ್ನು ಹಸ್ತಾಂತರ ಮಾಡಿದ ಆದೇಶ ಇದ್ದರೆ ಪ್ರತಿ ಕೊಡಿ ಅಂತ ಕೇಳಿ. ಕವಲಗುಂದಿಯವರಿಗಾಗಿ ಖಾಲಿ ಮನೆಗಳ ಪಟ್ಟಿ ಕೇಳಬೇಕಲ್ಲ, ಅದನ್ನು ಬೇರೆಯೇ ಅರ್ಜಿಯಲ್ಲಿ ಹಾಕಿ. ಕರಡು ಇಲ್ಲಿ ಹಾಕಿದರೆ ನಾನು ನೋಡಿಕೊಡುತ್ತೇನೆ.