ರಾಜಕಾಲುವೆ ಪಕ್ಕದ ಹಳೇ ಮನೆ, ದೊಡ್ಡ ರಿಪೇರಿಗೆ ಪರ್ಮಿಷನ್ ಬೇಕಾ?

ಹೊರಮಾವು_ಹುಡ್ಗ: ನಮ್ದು ಹಳೇ ಮನೆ, ಗ್ರೌಂಡ್ ಪ್ಲಸ್ ಒನ್, ಹಿಂದ್ಗಡೆನೇ ರಾಜಕಾಲುವೆ, ಜೋರು ಮಳೆ ಬಂದ್ರೆ ಹಾಲ್‌ನಲ್ಲಿ ಮಂಡಿವರೆಗೂ ನೀರು. ಕೆಳಗಡೆ ಪೂರ್ತಿ ರಿಪೇರಿ ಮಾಡ್ಸಿ ಮೇಲೆ ಇನ್ನೊಂದು ಫ್ಲೋರ್ ಎತ್ತೋಣ ಅಂತಾರೆ ಅಪ್ಪ. ಕಂಟ್ರಾಕ್ಟರು "ರಿನೋವೇಷನ್ ತಾನೆ ಸಾರ್, ಯಾರೂ ಕೇಳಲ್ಲ" ಅಂತಾನೆ. ಅಕ್ಕ ಹ್ಯೂಸ್ಟನ್‌ನಲ್ಲಿದಾಳೆ, ಅಲ್ಲಿ ರಿಪೇರಿ ಖರ್ಚು ಅರ್ಧ ದಾಟಿದ್ರೆ ಮನೇನೇ ಎತ್ತರಿಸ್ಬೇಕಂತೆ. ಇಲ್ಲೂ ಹಂಗೇನಾದ್ರೂ ಇದ್ಯಾ?

ನಕ್ಷೆ_ಮೇಷ್ಟ್ರು: ಅಕ್ಕ ಹೇಳಿದ್ದು ಸರಿ. ಅಮೆರಿಕದ ಫೆಮಾ (ವಿಪತ್ತು ನಿರ್ವಹಣೆ ನೋಡೋ ಸರ್ಕಾರಿ ಸಂಸ್ಥೆ) ರೂಲ್ ಅದು, ಪ್ರವಾಹ ವಲಯದಲ್ಲಿರೋ ಮನೆ ರಿಪೇರಿ ಖರ್ಚು ಕಟ್ಟಡದ ಮಾರ್ಕೆಟ್ ಬೆಲೆಯ (ಸೈಟ್ ಬೆಲೆ ಸೇರಲ್ಲ) 50% ಮುಟ್ಟಿದ್ರೆ ಹೊಸ ಮನೆ ಲೆಕ್ಕ, ವರ್ಷಕ್ಕೆ 1% ಸಾಧ್ಯತೆ ಇರೋ ಪ್ರವಾಹದ ಮಟ್ಟಕ್ಕೆ ಕೆಳಗಿನ ಫ್ಲೋರ್ ಏರಿಸ್ಲೇಬೇಕು. ನಮ್ಮಲ್ಲಿ ನೋಡೋದು ಕಾಲುವೆಯಿಂದ ಎಷ್ಟು ದೂರ ಇದೀರ ಅಂತ. ಬೆಂಗಳೂರಿನ ಮಾಸ್ಟರ್ ಪ್ಲಾನ್ 2015 ಪ್ರಕಾರ ಬಫರ್ (ಕಟ್ಟಡ ಕಟ್ಟದೆ ಬಿಡ್ಬೇಕಾದ ಜಾಗ) ಕಾಲುವೆ ಮಧ್ಯದಿಂದ ಪ್ರೈಮರಿಗೆ (ದೊಡ್ಡ ಕಾಲುವೆ) 50 ಮೀಟರ್, ಸೆಕೆಂಡರಿಗೆ (ಮಧ್ಯಮ) 25, ಟರ್ಷಿಯರಿಗೆ (ಸಣ್ಣದು) 15. 2016ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಬಫರ್ ಜಾಸ್ತಿ ಮಾಡಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಪೇಂಟು, ಪ್ಲಾಸ್ಟರು, ಫ್ಲೋರಿಂಗ್‌ಗೆಲ್ಲ ಯಾರ ಅಪ್ಪಣೆನೂ ಬೇಡ, ಆದ್ರೆ ಹೊಸ ಫ್ಲೋರ್‌ಗೆ ಪ್ಲಾನ್ ಸ್ಯಾಂಕ್ಷನ್ ಬೇಕೇಬೇಕು, ಬಫರ್ ಒಳಗಿದ್ರೆ ಸಿಗೋದು ಕಷ್ಟ. ಜೆಸಿಬಿ ಬಂದ ದಿನ ನಿಮ್ ಕಂಟ್ರಾಕ್ಟರ್ ಫೋನ್ ಎತ್ತಲ್ಲ ಬಿಡಿ.

ಸಿಮೆಂಟ್_ಸೀನ: ಗುರು, ಎಲ್ಲಾ ಕಂಟ್ರಾಕ್ಟರ್‌ನೂ ಒಂದೇ ತಕ್ಕಡೀಲಿ ತೂಗ್ಬೇಡ 😄 ಬ್ರದರ್, ಒಳಗಡೆ ಮಣ್ಣು ತುಂಬ್ಸಿ ಫ್ಲೋರ್ ಎತ್ತರ ಮಾಡಕ್ಕೆ ಹೋಗ್ಬೇಡಿ, ಎರಡಡಿ ಏರ್ಸಿದ್ರೆ ಫ್ಯಾನ್ ತಲೆಗೆ ಬರುತ್ತೆ, ಬಾಗ್ಲೆಲ್ಲ ಕಿತ್ತು ಮತ್ತೆ ಕೂರಿಸ್ಬೇಕು. ಜ್ಯಾಕ್ ಇಟ್ಟು ಇಡೀ ಮನೆ ಎತ್ತೋರೂ ಇದಾರೆ, ಆದ್ರೆ ಸ್ಟ್ರಕ್ಚರಲ್ ಇಂಜಿನಿಯರ್ ಪಿಲ್ಲರು ಪಾಯ ನೋಡಿ ಹೂಂ ಅನ್ನೋವರೆಗೂ ಅಡ್ವಾನ್ಸ್ ಕೊಡ್ಬೇಡಿ. ಮೊದ್ಲು ಮೀಟರ್ ಬೋರ್ಡು, ಯುಪಿಎಸ್ಸು ಮೇಲಕ್ಕೆ ಹಾಕ್ಸಿ. ಸಂಪ್ ಬಾಯಿ ಎತ್ತರಿಸಿ. ಯುಜಿಡಿ (ಒಳಚರಂಡಿ) ಲೈನ್‌ಗೆ ನೀರು ವಾಪಸ್ ಬರದಂಗೆ ತಡೆಯೋ ನಾನ್ ರಿಟರ್ನ್ ವಾಲ್ವ್ ಹಾಕ್ಸಿ, ಯಾಕಂದ್ರೆ ಬಾಗ್ಲಿಗೆ ಎಷ್ಟೇ ಮರಳು ಮೂಟೆ ಇಟ್ರೂ ಕಮೋಡಿಂದ ಉಲ್ಟಾ ಹೊಡ್ಯೋ ನೀರೇ ಮನೆ ಹಾಳು ಮಾಡೋದು.

ಹೊರಮಾವು_ಹುಡ್ಗ: ಥ್ಯಾಂಕ್ಸ್ ಸಾರ್. ನಮ್ ಹಿಂದಿರೋದು ಪ್ರೈಮರಿನೋ ಸೆಕೆಂಡರಿನೋ ಅಂತ ಎಲ್ಲಿ ಗೊತ್ತಾಗುತ್ತೆ? ನೋಡಕ್ಕೆ ಸಣ್ಣದೇ ಇದೆ.

ನಕ್ಷೆ_ಮೇಷ್ಟ್ರು: ಕಣ್ಣಳತೆ ನಂಬ್ಬೇಡಿ, ಒತ್ತುವರಿಯಾಗೇ ಸಣ್ಣದಾಗಿರ್ಬಹುದು. ದಿಶಾಂಕ್ ಅನ್ನೋ ಸರ್ಕಾರಿ ಭೂನಕ್ಷೆ ಆಪ್‌ನಲ್ಲಿ ಸರ್ವೆ ನಂಬರ್ ತಗೊಳ್ಳಿ, ಗ್ರಾಮ ನಕ್ಷೆ ತೆಗೆಸಿ, ಮಾಸ್ಟರ್ ಪ್ಲಾನ್ ನಕ್ಷೆ ಜೊತೆ ಇಟ್ಟು ನೋಡಿ. ಆಮೇಲೆ ಪಾಲಿಕೆಯ ಮಳೆನೀರು ಚರಂಡಿ ವಿಭಾಗದ ಇಂಜಿನಿಯರ್ ಹತ್ರ ಲಿಖಿತವಾಗಿ ಕೇಳಿ. ಬಾಯ್ಮಾತಲ್ಲಿ "ಏನೂ ಆಗಲ್ಲ ಕಟ್ಕೊಳ್ಳಿ" ಅಂದ್ರೆ ಅದು ಲೆಕ್ಕಕ್ಕಿಲ್ಲ.